ಚಿತ್ರಗಳಿಗೆ ಭಂಡಾರ, ನೋಡಿದವರ ನೆನಪಿಗೆ?

ರಾಜ್ಯ ಸರ್ಕಾರ 2025ರ ಮಾರ್ಚ್ 7ರಂದು ಮಂಡಿಸಿದ ಮುಂಗಡಪತ್ರದಲ್ಲಿ ಚಿತ್ರರಂಗಕ್ಕೆ ಸಂಬಂಧಿಸಿದ ಘೋಷಣೆಗಳು ಒಂದೆರಡಲ್ಲ. ಚಿತ್ರೋದ್ಯಮಕ್ಕೆ ಕೈಗಾರಿಕೆಯ ಸ್ಥಾನಮಾನ, ಮೈಸೂರಿನಲ್ಲಿ ಚಿತ್ರನಗರಿ, ಸರ್ಕಾರದ್ದೇ ಆದ ಓಟಿಟಿ ವೇದಿಕೆ, ಟಿಕೆಟ್ ದರಕ್ಕೆ 200 ರೂಪಾಯಿಗಳ ಮಿತಿ ಎಲ್ಲವೂ ಅದರಲ್ಲಿದ್ದವು. ಜನರ ಬಾಯಲ್ಲಿ ಉಳಿದದ್ದು ಟಿಕೆಟ್ ದರದ ಮಾತು ಮಾತ್ರ. ಅದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಮೆಟ್ಟಿಲೇರಿ ತಡೆಯಾಜ್ಞೆಯನ್ನೂ ಕಂಡಿತು. ಈ ಗದ್ದಲದಲ್ಲಿ ಹೆಚ್ಚು ಚರ್ಚೆಯಾಗದೆ ಹೋದ ಸಾಲೊಂದಿದೆ. ನಾಡಿನ ಸಾಮಾಜಿಕ, ಐತಿಹಾಸಿಕ, ಸಾಂಸ್ಕೃತಿಕ ಮೌಲ್ಯಗಳನ್ನು ಬಿಂಬಿಸುವ ಕನ್ನಡ ಚಿತ್ರಗಳನ್ನು ಡಿಜಿಟಲ್ ಹಾಗೂ ಡಿಜಿಟಲೇತರ ರೂಪದಲ್ಲಿ ಸಂಗ್ರಹಿಸಿಡಲು 3 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದು ಭಂಡಾರ ಸ್ಥಾಪಿಸಲಾಗುವುದು ಎಂಬುದೇ ಆ ಸಾಲು.

ತಡವಾಗಿಯಾದರೂ ಬಂದ ಒಳ್ಳೆಯ ನಿರ್ಧಾರವಿದು. ಎಷ್ಟು ತಡ ಎಂಬುದಕ್ಕೆ ಕನ್ನಡದ ಮೊದಲ ವಾಕ್ಚಿತ್ರವೇ ಸಾಕ್ಷಿ. 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಇಂದು ಅದರ ಪ್ರತಿ ಎಲ್ಲಿಯೂ ಇಲ್ಲ. ಚಿತ್ರ ಕಳೆದುಹೋದದ್ದನ್ನು ನಾವು ಪ್ರತಿವರ್ಷ ನೆನೆದು ಮರುಗುತ್ತೇವೆ. ಆದರೆ ಅದರ ಜೊತೆಗೆ ಕಳೆದುಹೋದ ಇನ್ನೊಂದು ಸಂಪತ್ತಿನ ಬಗ್ಗೆ ಮರುಗಿದವರು ಕಡಿಮೆ. ಆ ಚಿತ್ರವನ್ನು 10ನೇ ವಯಸ್ಸಿನಲ್ಲಿ ನೋಡಿದ ಹುಡುಗ, ಕನ್ನಡ ವಾಕ್ಚಿತ್ರಕ್ಕೆ 50 ತುಂಬಿದ 1984ರಲ್ಲಿ 60 ವರ್ಷದವನಾಗಿದ್ದ. ತೆರೆಯ ಮೇಲಿನ ಮನುಷ್ಯರು ಮೊದಲ ಬಾರಿಗೆ ತನ್ನದೇ ಭಾಷೆಯಲ್ಲಿ ಮಾತಾಡಿದಾಗ ಏನನ್ನಿಸಿತು ಎಂದು ಹೇಳಬಲ್ಲವರು ಆಗ ಊರೂರಿನಲ್ಲೂ ಇದ್ದರು. ಕ್ಯಾಮೆರಾ ಇತ್ತು, ಧ್ವನಿಮುದ್ರಿಕೆಯ ಯಂತ್ರವೂ ಇತ್ತು. ಆದರೂ ಅಂಥವರ ಮಾತುಗಳ ದೊಡ್ಡದೊಂದು ಸಂಗ್ರಹ ಇಂದು ನಮ್ಮ ಕೈಯಲ್ಲಿಲ್ಲ.

ಅದೇ ಲೆಕ್ಕವನ್ನು ಈಗ ಮುಂದಿನ ತಲೆಮಾರಿಗೆ ಹಾಕಿ ನೋಡಬೇಕಾಗಿದೆ. ರಾಜ್‌ಕುಮಾರ್ ನಾಯಕರಾಗಿ ಕಾಣಿಸಿಕೊಂಡ ಮೊದಲ ಚಿತ್ರ 'ಬೇಡರ ಕಣ್ಣಪ್ಪ' ಬಿಡುಗಡೆಯಾದದ್ದು 1954ರಲ್ಲಿ. ಅದನ್ನು ಹೊಸ ಚಿತ್ರವಾಗಿ ಟೆಂಟಿನ ನೆಲದ ಮೇಲೆ ಕುಳಿತು ನೋಡಿದ 10 ವರ್ಷದ ಬಾಲಕನಿಗೆ ಇಂದು 80 ದಾಟಿದೆ. ಈ ಬಾರಿ ಚಿತ್ರ ಉಳಿದಿದೆ, ನೋಡಿದವರು ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ. ಸರ್ಕಾರದ ಭಂಡಾರ ಎಷ್ಟೇ ಚೆನ್ನಾಗಿ ನಡೆದರೂ ರೀಲನ್ನು ಕಾಪಾಡಬಹುದೇ ಹೊರತು ಪ್ರೇಕ್ಷಕನನ್ನಲ್ಲ. ಅದಕ್ಕೆ ಬೇರೆಯೇ ಸಾಧನ ಬೇಕು. ಕನ್ನಡದಲ್ಲಿ ನಾವು ಅದನ್ನು ಸಾಕ್ಷ್ಯಚಿತ್ರ ಎಂದು ಕರೆಯುತ್ತೇವೆ. ಹೆಸರಿನಲ್ಲೇ ಸಾಕ್ಷ್ಯವಿದೆ, ಸಾಕ್ಷಿ ಹೇಳುವವರು ಬದುಕಿರುವಾಗಲೇ ಅದನ್ನು ದಾಖಲಿಸಬೇಕೆಂಬ ಅರ್ಥವೂ ಅದರಲ್ಲೇ ಅಡಗಿದೆ.

ಇಂಥ ಚಿತ್ರವನ್ನು ಎಲ್ಲಿ ಮಾಡಬೇಕು? ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ವೈಭವದ ಕುರಿತು ಪುಸ್ತಕಗಳಿವೆ, ಲೇಖನಗಳಿವೆ, ನೆನಪಿನ ಮಾತುಗಳಿಗೆ ಬರವಿಲ್ಲ. ಆ ರಸ್ತೆಯನ್ನು ಬಿಟ್ಟು ತುಮಕೂರು ಜಿಲ್ಲೆಯ ತುತ್ತತುದಿಗೆ ಹೋಗುವುದು ಲೇಸು. ಮಧುಗಿರಿ, ಪಾವಗಡ ದಾಟಿದರೆ ಸಿಗುವ ವೈ.ಎನ್.ಹೊಸಕೋಟೆ ರೇಷ್ಮೆ ಸೀರೆಯ ನೇಕಾರಿಕೆಗೆ ಹೆಸರಾದ ಊರು. ಪಾವಗಡ ಎಂದೊಡನೆ ನಗರದ ಓದುಗರಿಗೆ ನೆನಪಾಗುವುದು ಶನಿಮಹಾತ್ಮ ದೇವಾಲಯ, ಫ್ಲೋರೈಡ್ ತುಂಬಿದ ನೀರು, ಇತ್ತೀಚೆಗಾದರೆ ತಿರುಮಣಿ ಸುತ್ತಲಿನ 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್. ಈ ಪಟ್ಟಿಯಲ್ಲಿ ಸಿನಿಮಾ ಬರುವುದಿಲ್ಲ. ಆದರೆ ಕನ್ನಡ ಪ್ರೇಕ್ಷಕ ಎಂದರೆ ಯಾರು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಎತ್ತುವ ಊರುಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಭೂಪಟವನ್ನು ಒಮ್ಮೆ ನೋಡಿದರೆ ಸಾಕು. ಪಾವಗಡ ತಾಲ್ಲೂಕಿನ ಮೂರು ದಿಕ್ಕಿಗೂ ಆಂಧ್ರಪ್ರದೇಶದ ನೆಲವಿದೆ. ಹಳೆಯ ಅನಂತಪುರ ಜಿಲ್ಲೆಯ ಮಡಕಶಿರ, ಪೆನುಕೊಂಡ, ಕಲ್ಯಾಣದುರ್ಗಗಳು ಇಲ್ಲಿಯವರಿಗೆ ಜಿಲ್ಲಾ ಕೇಂದ್ರ ತುಮಕೂರಿಗಿಂತ ಹತ್ತಿರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಎಂಬ ಬದುಕು ಇಲ್ಲಿ ಬಹುಮಂದಿಗೆ ಸಹಜ. ಚಿತ್ರ ವಿತರಕರ ಭಾಷೆಯಲ್ಲಿ ಗಡಿಯಾಚೆಯದು 'ಸೀಡೆಡ್' ವಲಯ, ಈಚೆಯದು ಮೈಸೂರು ವಲಯ. ವಿತರಕನಿಗೆ ಕಾಣುವ ಈ ಗೆರೆ ಪ್ರೇಕ್ಷಕನಿಗೆ ಕಾಣುತ್ತಿರಲಿಲ್ಲ.

ಗೆರೆಯನ್ನು ಮೊದಲು ದಾಟಿದವರು ಚಿತ್ರ ಮಾಡಿದವರೇ. 'ಬೇಡರ ಕಣ್ಣಪ್ಪ' ಬಂದ ವರ್ಷವೇ ಅದೇ ಕಥೆ 'ಕಾಳಹಸ್ತಿ ಮಹಾತ್ಮ್ಯಂ' ಆಗಿ ತೆಲುಗಿನಲ್ಲೂ ಬಂತು. ಅದರಲ್ಲೂ ರಾಜ್‌ಕುಮಾರ್ ಅವರೇ ನಾಯಕ. ಕನ್ನಡ ಬಿಟ್ಟು ಬೇರೆ ಭಾಷೆಯಲ್ಲಿ ಅವರು ನಟಿಸಿದ್ದು ಅದೊಂದೇ ಚಿತ್ರ. ಇದಕ್ಕಿಂತ ಕುತೂಹಲಕರವಾದದ್ದು 1965ರ 'ಸತ್ಯ ಹರಿಶ್ಚಂದ್ರ'. ಮದರಾಸಿನ ವಿಜಯಾ ಸಂಸ್ಥೆಯವರು ಆ ವರ್ಷ ಎರಡು ಭಾಷೆಗಳಲ್ಲಿ ಹರಿಶ್ಚಂದ್ರನನ್ನು ತೆರೆಗೆ ತಂದರು. ಕನ್ನಡದ ಚಿತ್ರವನ್ನು ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದರು, ನಾಯಕ ರಾಜ್‌ಕುಮಾರ್. ತೆಲುಗಿನದನ್ನು ಕೆ.ವಿ.ರೆಡ್ಡಿ ನಿರ್ದೇಶಿಸಿದರು, ನಾಯಕ ಎನ್.ಟಿ.ರಾಮರಾವ್. ಎರಡಕ್ಕೂ ಪೆಂಡ್ಯಾಲ ನಾಗೇಶ್ವರರಾವ್ ಅವರ ಸಂಗೀತ. ಕನ್ನಡದ ಹರಿಶ್ಚಂದ್ರದಲ್ಲಿ ಜನಪ್ರಿಯವಾದ ಹಾಡುಗಳಿಗೆ ದನಿ ಕೊಟ್ಟವರು ತೆಲುಗಿನ ಘಂಟಸಾಲ. ತೆಲುಗಿನ 'ಮಾಯಾಬಜಾರ್' ನಿರ್ದೇಶಿಸಿದ ಕೆ.ವಿ.ರೆಡ್ಡಿಯವರು ಇದೇ ಅನಂತಪುರ ಜಿಲ್ಲೆಯ ತಾಡಿಪತ್ರಿ ಕಡೆಯವರು ಎಂಬುದೂ ಇಲ್ಲಿ ಉಲ್ಲೇಖನೀಯ.

ರಾಜ್ಯದ ಒಳನಾಡಿನ ಪ್ರೇಕ್ಷಕನಿಗೆ ಒಬ್ಬನೇ ಹರಿಶ್ಚಂದ್ರ. ಗಡಿಯ ಪ್ರೇಕ್ಷಕನಿಗೆ ಇಬ್ಬರು. ಸ್ಮಶಾನದ ದೃಶ್ಯದಲ್ಲಿ ಯಾರು ಮೇಲು ಎಂಬ ವಾದ ಗಡಿಸೀಮೆಯ ಹೊರತು ಮತ್ತೆಲ್ಲಿ ಹುಟ್ಟಲು ಸಾಧ್ಯ? ಇಬ್ಬರನ್ನೂ ನೋಡಿ, ಇಬ್ಬರ ಭಾಷೆಯನ್ನೂ ಬಲ್ಲ, ಹೋಲಿಸಿ ತೀರ್ಪು ಹೇಳಬಲ್ಲ ಪ್ರೇಕ್ಷಕ ನಮ್ಮ ವಿಮರ್ಶಕರಿಗೂ ಅಪರೂಪದ ಸಂಪನ್ಮೂಲ. ಕನ್ನಡ ಚಿತ್ರ ವಿಮರ್ಶೆ ಈವರೆಗೆ ಅವನ ಮನೆಯ ಬಾಗಿಲನ್ನು ತಟ್ಟಿದ್ದು ಕಡಿಮೆ.

ಇದಕ್ಕೆ ಇನ್ನೊಂದು ಮಗ್ಗುಲಿದೆ. 1960ರ ದಶಕದಲ್ಲಿ ಕನ್ನಡದ ಅಸ್ತಿತ್ವಕ್ಕಾಗಿ ನಡೆದ ಚಳವಳಿ ಡಬ್ಬಿಂಗ್ ಚಿತ್ರಗಳನ್ನು ವಿರೋಧಿಸಿತು. ಅ.ನ.ಕೃಷ್ಣರಾಯರಂಥವರು ಮುಂದೆ ನಿಂತ ಆ ಹೋರಾಟಕ್ಕೆ ಅಂದಿನ ಬೆಂಗಳೂರಿನ ಪರಿಸ್ಥಿತಿಯಲ್ಲಿ ಬಲವಾದ ಕಾರಣಗಳಿದ್ದವು. ಕನ್ನಡ ಚಿತ್ರಗಳಿಗೆ ಚಿತ್ರಮಂದಿರವೇ ಸಿಗದಿದ್ದ ಕಾಲವದು. ಹೊಸ ಡಬ್ಬಿಂಗ್ ಚಿತ್ರಗಳ ಬಾಗಿಲು ಹಲವು ದಶಕ ಮುಚ್ಚಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬರುವವರೆಗೆ ಅದು ಅಲಿಖಿತ ಶಾಸನದಂತೆಯೇ ಇತ್ತು. ಆದರೆ ವೈ.ಎನ್.ಹೊಸಕೋಟೆಯಂಥ ಊರಿನಲ್ಲಿ ಈ ನಿಷೇಧಕ್ಕೆ ಏನರ್ಥವಿತ್ತು? ಅಲ್ಲಿನವರಿಗೆ ಮೂಲ ತೆಲುಗೇ ಅರ್ಥವಾಗುತ್ತಿತ್ತು. ರಾಜ್‌ಕುಮಾರ್ ಅಭಿಮಾನ ಒಂದು ಕಡೆ, ರಾಮರಾವ್, ನಾಗೇಶ್ವರರಾವ್ ಅವರ ಮೇಲಿನ ಪ್ರೀತಿ ಇನ್ನೊಂದು ಕಡೆ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಂಡವರಿಗೆ ಅದು ಭಾಷಾದ್ರೋಹ ಅನ್ನಿಸಿತೆ, ಅನ್ನಿಸಲೇ ಇಲ್ಲವೆ? ಇದನ್ನು ಗಡಿಯ ಪ್ರೇಕ್ಷಕನೇ ಹೇಳಬೇಕು. ಬೆಂಗಳೂರಿನಲ್ಲಿ ಕುಳಿತು ಊಹಿಸುವ ವಿಷಯ ಇದಲ್ಲ.

ಹಳೆಯ ಮೈಸೂರಿನ ಟೆಂಟ್ ಸಿನಿಮಾಗಳನ್ನು ಕಂಡವರಿಗೆ ಇದರ ಸಣ್ಣ ಸುಳಿವು ಸಿಕ್ಕಿರುತ್ತದೆ. ಆಟ ಆರಂಭವಾಗುವ ಮುನ್ನ ಧ್ವನಿವರ್ಧಕದಲ್ಲಿ ಊರಿಗೆಲ್ಲ ಕೇಳುವಂತೆ ಹಾಕುತ್ತಿದ್ದದ್ದು ಘಂಟಸಾಲ ಹಾಡಿದ ತಿರುಪತಿ ವೆಂಕಟೇಶ್ವರನ ತೆಲುಗು ಭಕ್ತಿಗೀತೆ. ಅದು ಮುಗಿಯುವುದರೊಳಗೆ ಟಿಕೆಟ್ ಹರಿಸಿ ಒಳಗಿರಬೇಕು. ಅಪ್ಪಟ ಕನ್ನಡದ ಹಳ್ಳಿಗಳಲ್ಲೂ ಇದೇ ಪದ್ಧತಿ ಇತ್ತು. ಯಾರೂ ಅದನ್ನು ಪರಭಾಷೆಯ ಆಕ್ರಮಣ ಎಂದು ಎಣಿಸಲಿಲ್ಲ.

ಹೀಗಿರುವಾಗ 'ಕನ್ನಡ ಚಿತ್ರಗಳ ಭಂಡಾರ' ಎಂಬ ವ್ಯಾಖ್ಯೆಯೊಳಗೆ ಗಡಿಯ ಹಿರಿಯನ ಸಿನಿಮಾ ಬದುಕಿನ ಅರ್ಧಭಾಗ ಹಿಡಿಸುವುದಿಲ್ಲ. ಆಂಧ್ರದ ಯಾವುದೇ ಭಂಡಾರವೂ ಕರ್ನಾಟಕದ ನೇಕಾರನನ್ನು ಹುಡುಕಿಕೊಂಡು ಬರುವುದಿಲ್ಲ. ಭಾಷೆಯ ಲೆಕ್ಕದಲ್ಲಿ ಕಟ್ಟುವ ಸಂಗ್ರಹಗಳಲ್ಲಿ ಗಡಿನಾಡು ಯಾವಾಗಲೂ ಎರಡು ಕಡೆಯಿಂದಲೂ ಬಿಟ್ಟುಹೋಗುತ್ತದೆ. ಕಾಸರಗೋಡಿಗೂ ಈ ಮಾತು ಸಲ್ಲುತ್ತದೆ, ಬಳ್ಳಾರಿಗೂ ಸಲ್ಲುತ್ತದೆ. ಸರ್ಕಾರದ ಆದೇಶಕ್ಕಾಗಲಿ, ಅಕಾಡೆಮಿಯ ಯೋಜನೆಗಾಗಲಿ ಕಟ್ಟುಬೀಳದ ಸ್ವತಂತ್ರ ಸಾಕ್ಷ್ಯಚಿತ್ರಕಾರನ ಅಗತ್ಯ ಇಲ್ಲಿ ಹೆಚ್ಚು ಎದ್ದು ಕಾಣುತ್ತದೆ.

ಮಾದರಿಗಳು ಇಲ್ಲದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಕಟ್ಟಿದ ಪಿ.ಕೆ.ನಾಯರ್ ಅವರ ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ ನಿರ್ದೇಶಿಸಿದ 'ಸೆಲ್ಯುಲಾಯ್ಡ್ ಮ್ಯಾನ್' 2012ರಲ್ಲಿ ಬಂತು, ರಾಷ್ಟ್ರಪ್ರಶಸ್ತಿಗಳನ್ನೂ ಪಡೆಯಿತು. ಅದರಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಭಾಗವೊಂದಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಗ್ರಾಮಸ್ಥರು ತಾವು ದಶಕಗಳ ಹಿಂದೆ ನೋಡಿದ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೆನೆಯುತ್ತಾರೆ. ಕೆ.ವಿ.ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿದ್ದು, ನಾಯರ್ ಅವರು ಪುಣೆಯಿಂದ ರೀಲುಗಳನ್ನು ಅಲ್ಲಿಗೆ ತಲುಪಿಸಿದ್ದು ಈಗ ಇತಿಹಾಸ. ನಾಯರ್ ಅವರು 2016ರಲ್ಲಿ, ಸುಬ್ಬಣ್ಣನವರು 2005ರಲ್ಲಿ ತೀರಿಕೊಂಡರು. ಆ ಗ್ರಾಮಸ್ಥರ ಮುಖ, ಮಾತು ಮಾತ್ರ ಆ ಚಿತ್ರದ ದೆಸೆಯಿಂದ ಉಳಿದವು.

ಆದರೆ ಹೆಗ್ಗೋಡಿಗೂ ಹೊಸಕೋಟೆಗೂ ವ್ಯತ್ಯಾಸವಿದೆ. ಹೆಗ್ಗೋಡಿನಲ್ಲಿ ಸಂಸ್ಥೆಯಿತ್ತು, ಚಿತ್ರರಸಗ್ರಹಣ ಶಿಬಿರಗಳಿದ್ದವು, ನೋಡುವುದನ್ನು ಕಲಿಸುವ ಗುರುಗಳಿದ್ದರು. ಬಯಲುಸೀಮೆಯ ಊರುಗಳಲ್ಲಿ ಇದಾವುದೂ ಇರಲಿಲ್ಲ. ಅಲ್ಲಿನ ಅಭಿರುಚಿಯನ್ನು ತಿದ್ದಿದ್ದು ಕಂಪನಿ ನಾಟಕ, ಹರಿಕಥೆ, ಬಯಲಾಟ. ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರ ಕಂಪನಿಯಿಂದಲೇ ರಾಜ್‌ಕುಮಾರ್, ಬಾಲಕೃಷ್ಣ, ಜಿ.ವಿ.ಅಯ್ಯರ್, ತಿಪಟೂರಿನ ನರಸಿಂಹರಾಜು ಚಿತ್ರರಂಗಕ್ಕೆ ಬಂದವರು. 'ಬೇಡರ ಕಣ್ಣಪ್ಪ'ವೂ ಆ ಕಂಪನಿಯ ರಂಗಪರಂಪರೆಯಿಂದ ಮೂಡಿದ್ದೇ. ಹಾಗಾಗಿ ಇಲ್ಲಿನ ಹಿರಿಯ ಪ್ರೇಕ್ಷಕರು ಸಿನಿಮಾವನ್ನು ನಾಟಕದ ಕಿವಿಯಿಂದ ಕೇಳಿದವರು. ಮಾತಿನ ಓಟ, ಕಂದಪದ್ಯದ ಎತ್ತುಗಡೆ, ಹಾರ್ಮೋನಿಯಂ ಶ್ರುತಿ ಇವು ಅವರ ಅಳತೆಗೋಲುಗಳು. ಈ ಪ್ರೇಕ್ಷಕರನ್ನು ಚಿತ್ರಿಸುವುದು ಹೆಗ್ಗೋಡಿನವರನ್ನು ಚಿತ್ರಿಸುವುದಕ್ಕಿಂತ ಕಷ್ಟ ಎಂಬುದು ಈ ಲೇಖಕನ ಅಭಿಪ್ರಾಯ. ನಗರದ ನೋಡುಗನಿಗೆ ಹಳ್ಳಿಗ ಜಾಗತಿಕ ಚಿತ್ರ ಮೆಚ್ಚಿದರೆ ಬೆರಗು. ಹಳ್ಳಿಗ 'ಸತ್ಯ ಹರಿಶ್ಚಂದ್ರ' ಮೆಚ್ಚಿದರೆ ಅದರಲ್ಲೇನು ವಿಶೇಷ ಎಂಬ ಉದಾಸೀನ.

ಉದಾಸೀನಕ್ಕಿಂತ ಕೆಟ್ಟದ್ದು ಅತಿಯಾದ ಮುದ್ದು. ವೃದ್ಧರ ಬಗೆಗಿನ ನಮ್ಮ ಬಹಳಷ್ಟು ಕಿರುಚಿತ್ರಗಳು ಸುಕ್ಕುಗಟ್ಟಿದ ಕೈ, ಹಳೆಯ ರೇಡಿಯೋ, ಕೊಳಲಿನ ಹಿನ್ನೆಲೆ ಸಂಗೀತ, ಮೇಲಿನಿಂದ ಹಾರುವ ಡ್ರೋನ್ ಇಷ್ಟರಲ್ಲೇ ಮುಗಿಯುತ್ತವೆ. ಅಜ್ಜ ಅಥವಾ ಅಜ್ಜಿ ಏನು ಹೇಳಿದರು ಎಂಬುದು ಕೊನೆಗೂ ತಿಳಿಯುವುದಿಲ್ಲ. ಸುಡಾನಿನ ಸುಹೈಬ್ ಗಸ್ಮೆಲ್ಬಾರಿ ಮಾಡಿದ 'ಟಾಕಿಂಗ್ ಅಬೌಟ್ ಟ್ರೀಸ್' 2019ರ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ಸಾಕ್ಷ್ಯಚಿತ್ರ ಎನಿಸಿಕೊಂಡಿತು. ಮುಚ್ಚಿಹೋದ ಬಯಲು ಚಿತ್ರಮಂದಿರವನ್ನು ಮತ್ತೆ ತೆರೆಯಲು ಹೆಣಗುವ ನಾಲ್ವರು ಹಿರಿಯ ನಿರ್ದೇಶಕರ ಕಥೆ ಅದು. ಅಲ್ಲಿ ಮುದಿತನದ ಮೇಲೆ ಕರುಣೆಯಿಲ್ಲ. ಗೆಳೆಯರ ತಮಾಷೆಯಿದೆ, ಸರ್ಕಾರದ ಕಚೇರಿಗಳ ಅಲೆದಾಟವಿದೆ. ಮಹಾರಾಷ್ಟ್ರದ ಜಾತ್ರೆಗಳ ಸಂಚಾರಿ ಚಿತ್ರಮಂದಿರಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಶರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ಮಾಡಿದ 'ದಿ ಸಿನಿಮಾ ಟ್ರಾವೆಲರ್ಸ್' 2016ರಲ್ಲಿ ಕಾನ್ ಉತ್ಸವಕ್ಕೆ ಹೋಯಿತು. ಎರಡರಲ್ಲೂ ಕಾಣುವ ಸಮಾನ ಗುಣ ತಾಳ್ಮೆ.

ತಾಳ್ಮೆ ಎಂದರೆ ದಿನಗಳ ಲೆಕ್ಕ. ನೇಕಾರರ ಊರಿನಲ್ಲಿ ಹಗಲು ಮಗ್ಗದ ಸದ್ದು ನಿಲ್ಲುವುದಿಲ್ಲ. ವಿದ್ಯುತ್ ಮಗ್ಗವಿರುವ ಬೀದಿಯಲ್ಲಿ ಎಂಥ ಒಳ್ಳೆಯ ಮೈಕ್ ಇಟ್ಟರೂ 80ರ ಹಿರಿಯರ ಮೆಲುದನಿ ಹಿಡಿಯುವುದು ಕಷ್ಟ. ಅವರಿಗೆ ಬಿಡುವಾಗುವ, ಬೀದಿಯೂ ತಣ್ಣಗಾಗುವ ಹೊತ್ತಿಗೆ ಕಾಯಬೇಕು. ಮೊದಲ ಭೇಟಿಯಲ್ಲಿ ಹೇಳುವುದು ಎಲ್ಲರೂ ಹೇಳುವ ಮಾತು: ಆಗಿನ ಚಿತ್ರ ಚಿತ್ರವೇ, ಈಗಿನದು ಬರೀ ಗದ್ದಲ. ನಾಲ್ಕನೇ ಭೇಟಿಯ ಹೊತ್ತಿಗೆ ಟಿಕೆಟಿನ ದುಡ್ಡು ಎಲ್ಲಿಂದ ಬರುತ್ತಿತ್ತು, ಯಾರ ಕೈಲಿ ಪೆಟ್ಟು ಬಿತ್ತು, ಯಾರು ನೆಲಕ್ಕೆ, ಯಾರು ಬೆಂಚಿಗೆ, ಯಾರು ಕುರ್ಚಿಗೆ ಎಂಬ ಮಾತು ಹೊರಬರಲಾರಂಭಿಸುತ್ತದೆ. ಟೆಂಟಿನೊಳಗೆ ದುಡ್ಡಿನ ಜೊತೆಗೆ ಜಾತಿಯೂ ಜಾಗ ಹಂಚುತ್ತಿತ್ತೇ ಎಂಬ ಪ್ರಶ್ನೆಯನ್ನು ಅಲ್ಲಿಗೆ ಬಂದ ಮೇಲೆಯೇ ಕೇಳಬಹುದು. ಕೇಳದೆ ಬಿಟ್ಟರೆ ಆ ಚಿತ್ರ ಕೇವಲ ಹಳೆಯ ಹಾಡುಗಳ ಕಾರ್ಯಕ್ರಮವಾಗುತ್ತದೆ.

ಹೆಂಗಸರ ನೆನಪುಗಳಂತೂ ಬೇರೆಯೇ ಲೋಕ. ಟೆಂಟಿನಲ್ಲಿ ಅವರಿಗೆ ಪ್ರತ್ಯೇಕ ಭಾಗ. ಪೌರಾಣಿಕ ಚಿತ್ರ ಎಂದರೆ ಮನೆಯ ಹಿರಿಯರ ಅಪ್ಪಣೆ ಸುಲಭವಾಗಿ ಸಿಗುತ್ತಿತ್ತು, ಸಾಮಾಜಿಕ ಚಿತ್ರಕ್ಕೆ ಸಿಗುತ್ತಿರಲಿಲ್ಲ. ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಅರ್ಧ ಕಥೆ ನೋಡಿ, ಉಳಿದರ್ಧವನ್ನು ಮರುದಿನ ನೀರಿನ ಬಳಿ ಕೇಳಿ ತಿಳಿದುಕೊಂಡವರೂ ಪ್ರೇಕ್ಷಕರೇ. ಸಿನಿಮಾ ಪ್ರೇಮಿ ಎಂದೊಡನೆ ಗಂಡಸರನ್ನೇ ಕಟ್ಟೆಯ ಮೇಲೆ ಕೂರಿಸುವ ಅಭ್ಯಾಸವನ್ನು ಸಾಕ್ಷ್ಯಚಿತ್ರಕಾರರು ಬಿಡಬೇಕು. ಇನ್ನು ನೆನಪು ತಪ್ಪುವುದುಂಟು. ಒಂದು ಚಿತ್ರದ ದೃಶ್ಯವನ್ನು ಇನ್ನೊಂದಕ್ಕೆ, ತೆಲುಗಿನ ಮಾತನ್ನು ಕನ್ನಡದ ನಟನ ಬಾಯಿಗೆ ಹಾಕುವುದುಂಟು. ಅದನ್ನು ಕತ್ತರಿಸಿ ಎಸೆಯಬೇಕಿಲ್ಲ. ಎರಡು ಹರಿಶ್ಚಂದ್ರರು ಒಬ್ಬನೇ ಆಗಿ ನೆನಪಿನಲ್ಲಿ ಉಳಿದಿದ್ದರೆ ಗಡಿಯ ಬದುಕಿನ ಬಗ್ಗೆ ಅದಕ್ಕಿಂತ ನಿಖರವಾದ ದಾಖಲೆ ಬೇಕೆ?

ಕಾನೂನಿನ ತೊಡಕು ಬೇರೆಯಿದೆ. ಹಿರಿಯರು ಒಂದು ದೃಶ್ಯವನ್ನು ವರ್ಣಿಸುವಾಗ ಆ ದೃಶ್ಯದ ತುಣುಕು ತೋರಿಸಬೇಕೆನ್ನಿಸುವುದು ಸಹಜ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ. ಅಂದರೆ 'ಬೇಡರ ಕಣ್ಣಪ್ಪ'ದ ಅವಧಿ 2014ರ ಕೊನೆಗೆ ಮುಗಿಯಿತು. 1965ರ 'ಸತ್ಯ ಹರಿಶ್ಚಂದ್ರ'ಕ್ಕೆ 2025ರ ಡಿಸೆಂಬರ್ ಗಡುವು. ಆದರೆ ಸಾಹಿತ್ಯ ಮತ್ತು ಸ್ವರಸಂಯೋಜನೆಯ ಹಕ್ಕುಗಳಿಗೆ ರಚನಕಾರರ ಮರಣಾನಂತರದ 60 ವರ್ಷಗಳ ಲೆಕ್ಕ. ಬಣ್ಣ ತುಂಬಿ 2008ರಲ್ಲಿ ಮತ್ತೆ ಬಿಡುಗಡೆಯಾದ 'ಸತ್ಯ ಹರಿಶ್ಚಂದ್ರ'ದ ಆವೃತ್ತಿ ಮತ್ತೊಂದು ವಾದಕ್ಕೆ ಎಡೆಮಾಡಬಹುದು. 1971ರ 'ಕಸ್ತೂರಿ ನಿವಾಸ', 1972ರ 'ಬಂಗಾರದ ಮನುಷ್ಯ' ಇನ್ನೂ ಹಲವು ವರ್ಷ ಹಕ್ಕುದಾರರ ಸ್ವತ್ತು. ಹಕ್ಕು ಮುಗಿದ ಮಾತ್ರಕ್ಕೆ ಪ್ರತಿ ಸಿಗುತ್ತದೆ ಎಂದೂ ಇಲ್ಲ; ಒಳ್ಳೆಯ ಪ್ರತಿ ಯಾರ ಬಳಿ ಇದೆಯೋ ಅವರು ಕೇಳಿದ ಬೆಲೆ ಕೊಡಬೇಕು. ಸ್ವಂತ ಹಣದಿಂದ ಚಿತ್ರ ಮಾಡುವವರು ಇದರಿಂದಲೇ ಸೋಲುತ್ತಾರೆ. ಸರ್ಕಾರದ ಭಂಡಾರ ಇಲ್ಲಿ ನಿಜವಾದ ಉಪಕಾರ ಮಾಡಬಹುದು: ಹಕ್ಕು ಮುಗಿದ ಚಿತ್ರಗಳ ಉತ್ತಮ ಪ್ರತಿಗಳನ್ನು ಸಾಕ್ಷ್ಯಚಿತ್ರಕಾರರಿಗೆ, ಸಂಶೋಧಕರಿಗೆ ಅತ್ಯಲ್ಪ ಶುಲ್ಕಕ್ಕೆ ಒದಗಿಸಬೇಕೆಂಬ ನಿಯಮವನ್ನು ಮೊದಲ ದಿನದಿಂದಲೇ ಮಾಡಿಕೊಂಡರೆ ಸಾಕು.

ಹಣದ ವಿಷಯ ಹೇಳುವಷ್ಟು ಹೊಸದಲ್ಲ. ರಾಜ್ಯದ ಸಹಾಯಧನದ ಗಮನವೆಲ್ಲ ಕಥಾಚಿತ್ರಗಳ ಮೇಲೆ. ಫಿಲ್ಮ್ಸ್ ಡಿವಿಜನ್ ಹಾಗೂ ಪುಣೆಯ ಭಂಡಾರ ಎರಡೂ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡವು. ನೆರೆಯ ಕೇರಳದಲ್ಲಿ ಸಾಕ್ಷ್ಯಚಿತ್ರಗಳಿಗೆಂದೇ 2008ರಿಂದ ಅಂತರರಾಷ್ಟ್ರೀಯ ಉತ್ಸವ ನಡೆಯುತ್ತಿದೆ, ಅದನ್ನು ನಡೆಸುತ್ತಿರುವುದು ಅಲ್ಲಿನ ಸರ್ಕಾರದ ಚಲಚ್ಚಿತ್ರ ಅಕಾಡೆಮಿ. ನಮ್ಮಲ್ಲಿ 2009ರಿಂದ ಕರ್ನಾಟಕ ಚಲನಚಿತ್ರ ಅಕಾಡೆಮಿ ಇದೆ. ಬೆಂಗಳೂರಿನ ಚಿತ್ರೋತ್ಸವದ ಆಚೆಗೆ ಅದರ ಕೈ ಗಡಿ ತಾಲ್ಲೂಕುಗಳವರೆಗೆ ಚಾಚಬೇಕು.

3 ಕೋಟಿಯಲ್ಲಿ ದೊಡ್ಡ ಪಾಲನ್ನು ಯಾರೂ ಕೇಳುತ್ತಿಲ್ಲ. ಯಂತ್ರ, ತಂಪು ಕೊಠಡಿ, ರೀಲುಗಳ ದುರಸ್ತಿಗೆ ಅದೇ ಸಾಲದು. ಆದರೆ ಭಂಡಾರದ ನಿಯಮಾವಳಿಯಲ್ಲಿ 'ಪ್ರೇಕ್ಷಕರ ಮೌಖಿಕ ಇತಿಹಾಸ' ಎಂಬ ಒಂದು ವಿಭಾಗ ಸೇರಿಸುವುದಕ್ಕೆ ಹೆಚ್ಚು ವೆಚ್ಚವಾಗದು. 2004ರಿಂದ ತುಮಕೂರು ವಿಶ್ವವಿದ್ಯಾನಿಲಯವಿದೆ, ರಾಜ್ಯದ ಕಾಲೇಜುಗಳಲ್ಲಿ ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿದ್ದಾರೆ, ಅವರ ಕೈಯಲ್ಲಿ ಮೊಬೈಲ್ ಕ್ಯಾಮೆರಾ ಇದೆ. ಸ್ವತಂತ್ರವಾಗಿ ಚಿತ್ರ ಮಾಡಿದವರು ತಮ್ಮ ಒಂದು ಗಂಟೆಯ ಸಿದ್ಧ ಚಿತ್ರದ ಜೊತೆಗೆ ಸಂಕಲನಕ್ಕೆ ಮುಂಚಿನ ಸಂದರ್ಶನಗಳನ್ನೂ ಅಲ್ಲಿ ಒಪ್ಪಿಸುವಂತಾಗಬೇಕು. ಚಿತ್ರಕ್ಕೆ ಬೇಡವಾದ 40 ಗಂಟೆಯ ಮಾತು ನಾಳೆಯ ಇತಿಹಾಸಕಾರನಿಗೆ ಬೇಕಾದೀತು. ಅದಕ್ಕೆ ಮುನ್ನ ಮಾತಾಡಿದವರ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಕೇಳಿ ಪಡೆದಿರಬೇಕು. ಪಾವಗಡದ ಕಡೆ ಆ ಭಾಷೆ ಎಷ್ಟೋ ಮನೆಗಳಲ್ಲಿ ತೆಲುಗು ಎಂಬುದನ್ನು ಒಪ್ಪಿಗೆ ಪತ್ರ ಬರೆಯುವ ಅಧಿಕಾರಿಗಳು ಮರೆಯಬಾರದು.

ಪ್ರದರ್ಶನಕ್ಕೆ ಸಾರ್ವಜನಿಕ ಚಿತ್ರಮಂದಿರವಾದರೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಅಂತರ್ಜಾಲಕ್ಕೆ ಬೇಡ. ಹಾಗಾಗಿ ಇಂಥ ಚಿತ್ರಗಳು ನೇರವಾಗಿ ಅಂತರ್ಜಾಲಕ್ಕೆ ಹೋಗುತ್ತವೆ, ಬೆಂಗಳೂರಿನವರು ನೋಡುತ್ತಾರೆ, ಚಿತ್ರದಲ್ಲಿ ಮಾತಾಡಿದವರು ನೋಡುವುದಿಲ್ಲ. 80ರ ಕಣ್ಣಿಗೆ ಮೊಬೈಲಿನ ತೆರೆ ಸಾಲದು. ಪ್ರಮಾಣಪತ್ರದ ಖರ್ಚನ್ನು ಅಕಾಡೆಮಿ ಭರಿಸಿ, ಮೊದಲ ಪ್ರದರ್ಶನವನ್ನು ಅದೇ ಊರಿನಲ್ಲಿ, ದೊಡ್ಡ ಬಿಳಿ ಪರದೆಯ ಮೇಲೆ, ಕನ್ನಡದ ಮಾತಿಗೆ ತೆಲುಗು ಹಾಗೂ ತೆಲುಗಿನ ಮಾತಿಗೆ ಕನ್ನಡ ಅಡಿಬರಹದೊಂದಿಗೆ ಏರ್ಪಡಿಸಬಹುದು. ಮಗ್ಗಗಳು ನಿಂತ ಮೇಲೆ, ರಾತ್ರಿ ಎರಡನೇ ಆಟದ ಹೊತ್ತಿಗೆ ಇಟ್ಟರೆ ಜನ ಬಂದಾರು.